ಪುಟ 45ರಿಂದ 61

ಸೋಮವಾರ, ಮಾರ್ಚ್ 3

ಮಗಳಿಗೆ ಆಶೀರ್ವಾದ, ಜೊತೆಗೆ ಪೆನ್ಸಿಲ್ ಗುರುತು ತುಂಬಿದ ಒಂದು ಕಟ್ಟು.

ನಿನ್ನ ಥೀಸಿಸ್‌ನ ಆಕರಪಟ್ಟಿ ನೋಡಿ ಮುಗಿಸಿದೆ. ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ ಎನ್ನುವವರೆಗೆ ಚೆನ್ನಾಗಿರುತ್ತೇವೆ, ಅದರಾಚೆ ಹೋದರೆ ಜಗಳ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ನಾನು ದನಿ ಏರಿಸುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ: ಪಟ್ಟಿ ಅಕಾರಾದಿಯಲ್ಲಿದೆ. ಒಳ್ಳೆಯ ಸುದ್ದಿ ಮುಗಿಯಿತು. ಪುಸ್ತಕವಾದರೆ ಪುಸ್ತಕದ ಹೆಸರನ್ನು ಓರೆ ಅಕ್ಷರದಲ್ಲಿ ಕೊಡಬೇಕು. ಲೇಖನವಾದರೆ ಲೇಖನದ ಹೆಸರನ್ನು ನೇರವಾಗಿಯೇ ಬಿಟ್ಟು, ಅದು ಅಚ್ಚಾದ ಪತ್ರಿಕೆಯ ಹೆಸರನ್ನು ಓರೆ ಮಾಡಬೇಕು. ನೀನು ಅರ್ಧ ಪಟ್ಟಿಯಲ್ಲಿ ಹೀಗೆ, ಇನ್ನರ್ಧದಲ್ಲಿ ಹಾಗೆ ಮಾಡಿದ್ದೀಯ. ಬಹುಶಃ ಮಧ್ಯೆ ಕಾಫಿ ಕುಡಿಯಲು ಎದ್ದಿರಬೇಕು. ಸಂಪುಟದ ಸಂಖ್ಯೆ ಇರಬೇಕಾದಲ್ಲಿ ಸಂಚಿಕೆಯ ಸಂಖ್ಯೆ ಕೂತಿದೆ. ಒಬ್ಬರ ಪುಸ್ತಕಕ್ಕೆ ಒಳಗೆ ಒಂದು ವರ್ಷ, ಪಟ್ಟಿಯಲ್ಲಿ ಇನ್ನೊಂದು ವರ್ಷ. ಒಳಗೆ ಹೆಸರು ಹೇಳಿದ ಕೆಲವರು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪಟ್ಟಿಯಲ್ಲಿರುವ ಒಬ್ಬರನ್ನು ನೀನು ಒಳಗೆಲ್ಲೂ ಮಾತನಾಡಿಸಿಲ್ಲ. ಮನೆಗೆ ಕರೆದು ನೀರೂ ಕೊಡದೆ ಕೂರಿಸಿದ ಹಾಗಾಯಿತು.

ಒಂದೇ ಪುಸ್ತಕ ಮೂರು ಕಡೆ ಬಂದಿದೆ. ಬಾಗಿಲನ್ನೂ ಮೂರು ಸಲ ಬಡಿಯುತ್ತೀಯ, ಪುಸ್ತಕವನ್ನೂ ಮೂರು ಸಲ ಬರೆಯುತ್ತೀಯ. ನಿನ್ನ ಅಪ್ಪನಿಗೆ ಇದನ್ನು ಹೇಳಿದರೆ, ಬಂದಿದ್ದು ಅವಳೇ ಅಂತ ನಮಗೆ ಗೊತ್ತಾಗೋದು ಅದ್ರಿಂದಲೇ ಅಲ್ವಾ ಎಂದರು. ಅವರು ಯಾವಾಗಲೂ ನಿನ್ನ ಪಕ್ಷ.

ಇದೆಲ್ಲ ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ ಎನ್ನುತ್ತೀಯ, ಗೊತ್ತು. ಆಫೀಸಿನಲ್ಲಿ ಹೊಸಬರು ನನಗೆ ಕಾಮಾ ಮೇಡಂ ಎಂದು ಹೆಸರಿಟ್ಟಿದ್ದಾರೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ. ನಾನು ಕೆಲಸ ಮಾಡುವ ಜರ್ನಲ್‌ಗೆ ಬರುವ ಲೇಖನಗಳ ಒಳಗೇನಿದೆ ಎಂದು ನೋಡುವವರು ಸಂಪಾದಕರು. ಕೊನೆಯ ಎರಡು ಮೂರು ಹಾಳೆ ನೋಡುವವಳು ನಾನು. ಕೆಳಗಿನ ಮಹಡಿಯ ಕನ್ನಡಕದ ಅಂಗಡಿಯವನು ಒಮ್ಮೆ, ದಿನಾ ಏನ್ ಬರೀತೀರಿ ಮೇಡಂ ಅಂತ ಕೇಳಿದ. ಬರೆಯುವುದಿಲ್ಲ, ಬೇರೆಯವರು ಬರೆದ ವಿಳಾಸ ಸರಿ ಇದೆಯಾ ಅಂತ ನೋಡುತ್ತೇನೆ ಎಂದೆ. ಪೋಸ್ಟ್ ಆಫೀಸಾ ಅಂದ. ಹೂಂ ಅಂದೆ. ಸುಳ್ಳೇನಲ್ಲ. ಮನೆ ಸಂಖ್ಯೆ ತಪ್ಪಿದರೆ ಹುಡುಕಿಕೊಂಡು ಹೋದವರು ಇನ್ಯಾರದೋ ಮನೆ ಸೇರುತ್ತಾರೆ.

ಗುರುತುಗಳನ್ನೆಲ್ಲ ಪೆನ್ಸಿಲಿನಲ್ಲೇ ಮಾಡಿದ್ದೇನೆ. ಪೆನ್ಸಿಲ್‌ಗಳು ಈಗಲೂ ನಿನ್ನ ಚಿಕ್ಕಂದಿನ ಹಸಿರು ಕಪ್ಪಿನಲ್ಲೇ ಇವೆ, ಅದೇ, ಒಂದು ಹಿಡಿ ಮುರಿದ ಕಪ್ಪು. ಎಸೆಯಲು ಹೋದರೆ ನಿನ್ನ ಅಪ್ಪ ಬಿಡುವುದಿಲ್ಲ.

ಇನ್ನೊಂದು ವಿಷಯ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ನನ್ನ ಒಂದೇ ಒಂದು ಲೇಖನ, 'ಮನೆಯೊಳಗಿನ ಮೊದಲ ಮಾತುಗಳು'. ಹೆಸರು, ವರ್ಷ, ಪತ್ರಿಕೆ, ಸಂಪುಟ ಎಲ್ಲ ಸರಿ. ಪುಟ 45ರಿಂದ 58 ಎಂದು ಕೊಟ್ಟಿದ್ದೀಯ. ಅದು 45ರಿಂದ 61. ಅದರ ಕೆಳಗೆ ಗೆರೆ ಎಳೆದಿದ್ದೇನೆ, ತಿದ್ದಿಲ್ಲ. ತಿದ್ದುವ ಮೊದಲು ಒಂದು ಪ್ರಶ್ನೆ, ಇದನ್ನು ನಾನು ಎಲ್ಲ ಲೇಖಕರಿಗೂ ಕೇಳುತ್ತೇನೆ. ನೀನು ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಓದಿದೆಯಾ, ಇಲ್ಲ ಬೇರೆಯವರ ಪುಸ್ತಕದಿಂದ ಇಳಿಸಿಕೊಂಡೆಯಾ? ಇಳಿಸಿಕೊಂಡರೆ ಅಡ್ಡಿಯಿಲ್ಲ. 'ಇಂಥವರ ಪುಸ್ತಕದಲ್ಲಿ ಉಲ್ಲೇಖಿತ' ಎಂದು ಒಂದು ಮಾತು ಸೇರಿಸಬೇಕು. ಕಣ್ಣಾರೆ ಕಂಡದ್ದು ಬೇರೆ, ಕಂಡವರು ಹೇಳಿದ್ದು ಬೇರೆ. ಆಕರ ಕೊಡುವ ಈ ಶೈಲಿಯಲ್ಲಿ ಎರಡಕ್ಕೂ ಜಾಗವಿದೆ.

ನಿನ್ನ ಉತ್ತರ ಬಂದ ಮೇಲೆ ಆ ಒಂದು ಸಾಲನ್ನು ಸರಿಮಾಡೋಣ.

ನಿನ್ನ ಅಮ್ಮ

ತಾ.ಕ.: ಪಟ್ಟಿ ಮಾತ್ರ ನೋಡು, ಒಳಗೆ ತಲೆ ಹಾಕಬೇಡ ಎಂದು ನೀನು ಹೇಳಿದ್ದೆ. ಹೆಸರುಗಳನ್ನು ಹುಡುಕುವುದಕ್ಕೆ ಎಷ್ಟು ಬೇಕೋ ಅಷ್ಟೇ ಕಣ್ಣಾಡಿಸಿದ್ದೇನೆ. ನಾಲ್ಕನೆಯ ಅಧ್ಯಾಯವನ್ನು ಮಾತ್ರ ಪೂರ್ತಿ ಓದಿದೆ.


ಶನಿವಾರ, ಮಾರ್ಚ್ 8

ಅಮ್ಮನಿಗೆ ನಮಸ್ಕಾರ, ಜೊತೆಗೆ ಸ್ವಲ್ಪ ಕೋಪ.

ಕಟ್ಟು ತಲುಪಿತು. ನಿನ್ನ ಗುರುತುಗಳನ್ನು ನೋಡಿ ನನ್ನ ರೂಮಿನ ಗೆಳತಿ, ಇದೇನೇ ಪಟ್ಟಿಗೆ ದಡಾರ ಬಂದಿದ್ಯಾ ಅಂದಳು. ಎರಡು ದಿನ ಕೂತು ಎಲ್ಲ ತಿದ್ದಿದೆ. ನಾಲ್ವರು ಲೇಖಕರನ್ನು ಪಟ್ಟಿಗೆ ಸೇರಿಸಿದೆ, ನೀರು ಕೊಡದೆ ಕೂರಿಸಿದವರನ್ನು ಹೊರಗೆ ಕಳಿಸಿದೆ. ನೀನು ನೋಡಿಕೊಡದಿದ್ದರೆ ಪರೀಕ್ಷಕರ ಮುಂದೆ ಮಾನ ಹೋಗುತ್ತಿತ್ತು. ಇದಿಷ್ಟು ಕೃತಜ್ಞತೆ.

ಈಗ ಕೋಪ. ನಿನ್ನ ಲೇಖನದ ಪುಟಸಂಖ್ಯೆಯನ್ನು ನನ್ನ ಗೈಡ್ ಸರ್ ಬರೆದ ಪುಸ್ತಕದಿಂದ ತೆಗೆದುಕೊಂಡೆ, ಹೌದು. ನೀನು ಕೇಳಿದ ಮೇಲೆ ನಮ್ಮ ವಿಭಾಗದ ಲೈಬ್ರರಿಯಲ್ಲಿ ಬೇರೆ ಪುಸ್ತಕಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ 45ರಿಂದ 58 ಎಂದೇ ಇದೆ. ಅಷ್ಟು ಜನರೂ ತಪ್ಪು, ನೀನೊಬ್ಬಳೇ ಸರಿಯಾ? ಬರೆದು ಇಷ್ಟು ವರ್ಷ ಆಯಿತು, ನಿನಗೇ ಮರೆತಿರಬಹುದು. ಮೂರು ಪುಟ ಹೆಚ್ಚೋ ಕಡಿಮೆಯೋ, ಅದಕ್ಕೊಂದು ಕಾಗದ, ಅದಕ್ಕೊಂದು ಪ್ರಶ್ನೆ. ನೀನೇ ತಿದ್ದಿ ಕಳಿಸಿದ್ದರೆ ಆಗುತ್ತಿತ್ತು.

ನಾಲ್ಕನೆಯ ಅಧ್ಯಾಯ ಓದಿದೆ ಎಂದೆ. ಚೆನ್ನಾಗಿದೆ ಎಂದಾಗಲಿ, ಚೆನ್ನಾಗಿಲ್ಲ ಎಂದಾಗಲಿ ಒಂದು ಮಾತೂ ಇಲ್ಲ. ಇಡೀ ಥೀಸಿಸ್ ನಿಂತಿರುವುದು ಆ ಅಧ್ಯಾಯದ ಮೇಲೆ, ಆ ಅಧ್ಯಾಯ ನಿಂತಿರುವುದು ನಿನ್ನ ಲೇಖನದ ಮೇಲೆ. ಮಗು ಹೊಸ ಮಾತು ಕಲಿಯುವಾಗ ಅದನ್ನು ಮೂರು ಮೂರು ಸಲ ಹೇಳುವ ಒಂದು ಕಾಲ ಬರುತ್ತದೆ ಎಂದು ಮೊದಲು ಕಂಡವಳು ನೀನು. ಅದಕ್ಕೆ ಮೂರಾವರ್ತಿ ಹಂತ ಎಂದು ಹೆಸರಿಟ್ಟವರು ಸರ್. ನಾನು ಅದನ್ನು ಶಿಶುವಿಹಾರಗಳಿಗೆ ತೆಗೆದುಕೊಂಡು ಹೋದೆ. ಯಾವ ಮಗು ಮೂರು ಸಲ ಹೇಳುತ್ತದೆ, ಯಾವುದು ಹೇಳುವುದಿಲ್ಲ ಎಂದು ನೋಡಿದರೆ ಸಾಕು, ಮಾತು ತಡವಾಗುವ ಮಕ್ಕಳನ್ನು ಮೊದಲೇ ಗುರುತಿಸಬಹುದು. ಎರಡು ಶಿಶುವಿಹಾರಗಳು ಈಗಾಗಲೇ ಶುರುಮಾಡಿವೆ. ಸರ್ ತುಂಬಾ ಸಂತೋಷದಲ್ಲಿದ್ದಾರೆ. ಮೊನ್ನೆ ಎಲ್ಲರ ಮುಂದೆ, ಇವಳ ತಾಯಿ ಶುರು ಮಾಡಿದ್ದನ್ನ ಇವಳು ಮುಗಿಸ್ತಾ ಇದ್ದಾಳೆ ಅಂದರು.

ವಿಭಾಗದಲ್ಲಿ ಖಾಲಿಯಿರುವ ಅಧ್ಯಾಪಕರ ಕೆಲಸದ ವಿಷಯ ನಿನಗೆ ಗೊತ್ತೇ ಇದೆ. ಈ ತಿಂಗಳ ಕೊನೆಗೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ಥೀಸಿಸ್ ಸಲ್ಲಿಸಿದ್ದರೆ ಕೆಲಸ ನನಗೆ, ಇಲ್ಲದಿದ್ದರೆ ವಿಭಾಗದಲ್ಲಿ ಪಕ್ಕದ ರೂಮಿನವನಿಗೆ. ಅವನು ಆಗಲೇ ಬೈಂಡಿಂಗಿಗೆ ಕೊಟ್ಟಾಗಿದೆ.

ಅಮ್ಮಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಒಂದೇ ಲೇಖನ ಬರೆದೆ, ಅದನ್ನು ಈಗಲೂ ಜನ ಉಲ್ಲೇಖಿಸುತ್ತಾರೆ. ಆಮೇಲೆ ಯಾಕೆ ಬಿಟ್ಟೆ? ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿದಾಗಲೆಲ್ಲ ನೀನು ಪಾತ್ರೆ ತೊಳೆಯಲು ಎದ್ದು ಹೋಗುತ್ತೀಯ. ನಿನಗೆ ಧೈರ್ಯ ಸಾಲಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ಬೇರೆಯವರ ಚುಕ್ಕಿ ತಿದ್ದುವುದರಲ್ಲಿ ಯಾರೂ ನಮ್ಮನ್ನು ತಪ್ಪು ಎನ್ನುವುದಿಲ್ಲ, ಅಲ್ಲವಾ. ನಾನು ನಿನ್ನ ಹಾಗೆ ಬಿಡುವವಳಲ್ಲ.

ಪುಟಸಂಖ್ಯೆ ಏನು ಬರೆಯಲಿ ಎಂದು ಒಂದು ಸಾಲು ತಿಳಿಸು, ಸಾಕು.

ನಿನ್ನ ಮಗಳು

ತಾ.ಕ.: ಸರ್ ಕೇಳಿದರು, ನಿನ್ನ ಲೇಖನದಲ್ಲಿ ಬರುವ ಮಗು ಯಾರದು ಅಂತ. 'ಸಂಶೋಧಕಿಗೆ ಪರಿಚಿತವಾದ ಮನೆಯ ಮಗು ಕ' ಎಂದಷ್ಟೇ ಇದೆಯಂತೆ. ಈಗ ಆ ಮಗುವಿಗೂ ನನ್ನಷ್ಟೇ ವಯಸ್ಸಾಗಿರಬೇಕು. ವಿಳಾಸ ಗೊತ್ತಿದ್ದರೆ ಕೊಡು, ಹೋಗಿ ಮಾತನಾಡಿಸುತ್ತೇನೆ.


ಬುಧವಾರ, ಮಾರ್ಚ್ 12

ಮಗಳೇ, ನಿನ್ನ ನಮಸ್ಕಾರ ತಲುಪಿತು. ಕೋಪವೂ ತಲುಪಿತು, ಎರಡನ್ನೂ ಎತ್ತಿಟ್ಟಿದ್ದೇನೆ.

ನೀನು ನನ್ನ ಲೇಖನವನ್ನು ಓದಿಲ್ಲ. ಹೀಗೆ ಬರೆದು ನೋಡಿದಾಗ ಮನಸ್ಸಿಗೆ ಬೇಸರವಾಯಿತು, ಅದನ್ನೂ ಇಲ್ಲೇ ಬರೆದುಬಿಡುತ್ತೇನೆ. ಸರ್ ಓದಲಿಲ್ಲ ಎಂದರೆ ನನಗೇನೂ ಅನ್ನಿಸುವುದಿಲ್ಲ. ನೀನು ನನ್ನ ಮಗಳು ಎಂಬುದು ಒಂದು, ಅದರ ಮೇಲೆ ಒಂದು ಅಧ್ಯಾಯ ಕಟ್ಟಿದವಳು ಎಂಬುದು ಇನ್ನೊಂದು. ಎರಡರಲ್ಲಿ ಒಂದಾದರೂ ನಿನ್ನನ್ನು ಲೈಬ್ರರಿಗೆ ಕಳಿಸಬೇಕಿತ್ತು. ಇರಲಿ, ಮುಂದಿನದು ನೋಡೋಣ.

ಅಷ್ಟು ಜನ 45ರಿಂದ 58 ಎಂದು ಬರೆದಿದ್ದಾರೆ ಎಂದೆ. ಅದು ಅಷ್ಟು ಜನರ ಸಾಕ್ಷಿಯಲ್ಲ, ಒಬ್ಬರ ಸಾಕ್ಷಿ. ನಿಮ್ಮ ಸರ್ ಬರೆದರು, ಉಳಿದವರು ಅವರನ್ನು ನೋಡಿ ಇಳಿಸಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಳ್ಳಿಯಲ್ಲಿ ಮಾತ್ರ ಇರುತ್ತಾರೆ ಎಂದು ತಿಳಿಯಬೇಡ, ಡಾಕ್ಟರೇಟ್ ಮಾಡಿದವರಲ್ಲೂ ಇದ್ದಾರೆ. ನನ್ನ ಕೆಲಸದಲ್ಲಿ ಇದು ದಿನಾ ಕಾಣುತ್ತದೆ. ಎಲ್ಲರ ಪಟ್ಟಿಯಲ್ಲೂ ಒಂದೇ ತಪ್ಪು ಇದ್ದರೆ, ಮೂಲವನ್ನು ಓದಿದವರು ಯಾರೂ ಇಲ್ಲ ಎಂದರ್ಥ. ಓದಿದವರು ಬೇರೆ ಬೇರೆ ತಪ್ಪು ಮಾಡುತ್ತಾರೆ.

ಸರ್ ಎಲ್ಲಿ ಎಡವಿದರು ಎಂಬುದೂ ನನಗೆ ಗೊತ್ತು. ಆ ಸಂಚಿಕೆಯಲ್ಲಿ ಪುಟ 58ರಲ್ಲಿ ಒಂದು ಕೋಷ್ಟಕ ಬರುತ್ತದೆ, ಅದರ ಕೆಳಗೆ ಅರ್ಧ ಪುಟ ಖಾಲಿ. ಮುದ್ರಕರಿಗೆ ಮುಂದಿನ ಭಾಗವನ್ನು ಹೊಸ ಪುಟದಿಂದ ಶುರುಮಾಡಬೇಕು ಎನ್ನಿಸಿತಂತೆ. ನೋಡಿದವರಿಗೆ ಲೇಖನ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ. ಜೆರಾಕ್ಸ್ ಮಾಡಿದವನಿಗೂ ಹಾಗೇ ಅನ್ನಿಸಿರಬೇಕು. ಸರ್ ಕೈಯಲ್ಲಿದ್ದದ್ದು ಆ ಜೆರಾಕ್ಸ್. ಅವರ ಪುಸ್ತಕ ಬಂದಾಗ ನಾನು ಒಂದು ಕಾಗದ ಬರೆದು ತಿಳಿಸಿದ್ದೆ. ಅವರು ಬಹಳ ಮರ್ಯಾದೆಯಿಂದ ಉತ್ತರ ಬರೆದರು, ಪುಟಸಂಖ್ಯೆಯ ದೋಷವನ್ನು ಮುಂದಿನ ಮುದ್ರಣದಲ್ಲಿ ಗಮನಿಸುತ್ತೇವೆ ಎಂದು. ದೋಷ ಸಂಖ್ಯೆಯಲ್ಲಿಲ್ಲ, ಆ ಪುಟಗಳನ್ನು ಓದಿ ಎಂದು ನಾನು ಬರೆದ ಸಾಲಿಗೆ ಉತ್ತರ ಇರಲಿಲ್ಲ. ನಾನೂ ಮತ್ತೆ ಬರೆಯಲಿಲ್ಲ. ಹೇಳಬೇಕಾದದ್ದು ಅಚ್ಚಿನಲ್ಲಿದೆ. ಓದುವವರ ಕೈಹಿಡಿದು ಪುಟ ತಿರುಗಿಸುವ ಕೆಲಸ ನನ್ನದಲ್ಲ ಎಂದು ಆಗಲೂ ಅಂದುಕೊಂಡೆ, ಈಗಲೂ ಅದೇ ಅನ್ನುತ್ತೇನೆ. ನಿನ್ನ ವಿಷಯದಲ್ಲಿ ಮಾತ್ರ ತಿರುಗಿಸುತ್ತಿದ್ದೇನೆ.

ಆ ಮೂರು ಪುಟಗಳಲ್ಲಿ ಇರುವುದು ಇಷ್ಟು. ಮೂರು ಸಲ ಹೇಳುವುದು ಮಗುವಿನ ಬೆಳವಣಿಗೆಯ ಹಂತವಲ್ಲ. ಅದು ವೀಕ್ಷಕಿಯಿಂದ ಬಂದದ್ದು. ವೀಕ್ಷಕಿ ನೋಡದೇ ಇದ್ದಿದ್ದರೆ ಮಗು ಒಂದೇ ಸಲ ಹೇಳುತ್ತಿತ್ತು. ವೀಕ್ಷಕಿ ಎಂದರೆ ನಾನು, ಅದು ಲೇಖನದ ಮೊದಲ ಪುಟದಲ್ಲೇ ಇದೆ. ಹೇಗೆ ಬಂತು ಎಂಬ ವಿವರವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀನು ಮತ್ತೆ ಲೈಬ್ರರಿಗೆ ಹೋಗುವುದಿಲ್ಲ, 'ತಾಯಿಯ ಪತ್ರದಲ್ಲಿ ಉಲ್ಲೇಖಿತ' ಎಂದು ಹಾಕಿ ಕೈತೊಳೆದುಕೊಳ್ಳುತ್ತೀಯ. ಖಾಸಗಿ ಪತ್ರವನ್ನು ಆಕರಪಟ್ಟಿಗೆ ಸೇರಿಸುವ ಹಾಗಿಲ್ಲ ಎಂದು ನಿನಗೆ ಗೊತ್ತಿರಬೇಕು. ಇನ್ನೊಬ್ಬರು ಹೋಗಿ ನೋಡಲು ಆಗದ್ದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಆ ಪತ್ರಿಕೆಯನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ನಿನ್ನ ಅಧ್ಯಾಯದ ಬಗ್ಗೆ ಒಂದು ಮಾತೂ ಇಲ್ಲ ಎಂದೆ. ಈಗ ಹೇಳುತ್ತೇನೆ. ಭಾಷೆ ಚೆನ್ನಾಗಿದೆ, ನನ್ನದಕ್ಕಿಂತ ಚೆನ್ನಾಗಿದೆ. ನೀನು ಶಿಶುವಿಹಾರದಲ್ಲಿ ಕೂತು ಗಮನಿಸಿದ್ದೆಲ್ಲ ನಿಜ ಎಂದು ಓದುವಾಗಲೇ ತಿಳಿಯುತ್ತದೆ. ಅದಕ್ಕೇ ನಿನ್ನ ಕೋಷ್ಟಕವೇ ನಿನಗೆ ಎದುರು ನಿಂತಿದೆ. ಅಲ್ಲಿನ ಮುಕ್ಕಾಲು ಪಾಲು ಮಕ್ಕಳು ಮೂರು ಸಲ ಹೇಳುವುದಿಲ್ಲ. ಹಂತ ಎಂಬುದೇ ಇಲ್ಲವೇನೋ ಎಂದು ಕೇಳುವ ಬದಲು ನೀನು ಆ ಮಕ್ಕಳನ್ನೆಲ್ಲ 'ತಡವಾಗಿ ತಲುಪುವವರು' ಎಂದು ಕರೆದಿದ್ದೀಯ. ಪುಸ್ತಕ ಸರಿ, ಮಕ್ಕಳು ತಪ್ಪು.

ಕೆಲಸದ ಸಮಿತಿಯ ವಿಷಯ ನನಗೆ ನೆನಪಿದೆ. ನೀನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಸುಮ್ಮನಿದ್ದರೂ ಯಾರಿಗೂ ತಿಳಿಯುವುದಿಲ್ಲ; ಇಷ್ಟು ವರ್ಷ ತಿಳಿದಿಲ್ಲ, ಈ ತಿಂಗಳಲ್ಲಿ ಪರೀಕ್ಷಕರಿಗೆ ಜ್ಞಾನೋದಯವಾಗುವ ಹಾಗಿಲ್ಲ. ಆದರೆ ಪಟ್ಟಿಯಲ್ಲಿ ಒಂದು ಸಾಲು ನೀನು ಬರೆಯಲೇಬೇಕು. 45ರಿಂದ 58 ಎಂದು ಬರೆದರೆ, ನೀನು ಓದಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. 45ರಿಂದ 61 ಎಂದು ಬರೆದು ಅಧ್ಯಾಯವನ್ನು ಹಾಗೇ ಬಿಟ್ಟರೆ, ಓದಿಯೂ ಮುಚ್ಚಿಟ್ಟೆ ಎನ್ನುವುದಕ್ಕೆ ಸಾಕ್ಷಿ. ಒಂದು ಸಾಲು ತಿಳಿಸು ಸಾಕು ಎಂದೆಯಲ್ಲ, ಆ ಸಾಲನ್ನು ತಿಳಿಸಲು ನನಗೆ ಆಗದ ಕಾರಣ ಇದು.

ಯಾಕೆ ಬಿಟ್ಟೆ ಎಂದು ಕೇಳಿದೆ. ಧೈರ್ಯ ಸಾಲಲಿಲ್ಲ ಎಂದುಕೊಂಡಿದ್ದೀಯ. ಅಂದುಕೋ, ನನಗೆ ಅಭ್ಯಂತರವಿಲ್ಲ. ಕಾರಣ ಪುಟ 61ರಲ್ಲಿದೆ. ಎದುರಿಗೆ ಕೂತು ಹೇಳುವುದಕ್ಕಿಂತ ಅಲ್ಲಿ ಬರೆಯುವುದು ನನಗೆ ಸುಲಭವಾಯಿತು, ಅಷ್ಟೆ. ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದದ್ದು ನಿಜ. ಯಾರಾದರೂ ತೊಳೆಯಬೇಕಲ್ಲ.

ಲೈಬ್ರರಿಯಲ್ಲಿ ಹಳೆಯ ಸಂಪುಟಗಳನ್ನು ಕೆಳಗಿನ ಕೋಣೆಯಲ್ಲಿ ಇಟ್ಟಿರುತ್ತಾರೆ. ಸ್ವೆಟರ್ ಹಾಕಿಕೊಂಡು ಹೋಗು, ಅಲ್ಲಿ ಥಂಡಿ ಇರುತ್ತದೆ.

ನಿನ್ನ ಅಮ್ಮ

ತಾ.ಕ.: ಮಗು ಕ ಯಾರದು ಎಂದು ಹೇಳಲಾರೆ. ಗುರುತು ಬಿಟ್ಟುಕೊಡುವುದಿಲ್ಲ ಎಂದು ಮಗುವಿನ ತಾಯಿಗೆ ಮಾತು ಕೊಟ್ಟಿದ್ದೇನೆ. ಆ ಹೆಂಗಸು ಇನ್ನೂ ಇದ್ದಾಳೆ, ಆರೋಗ್ಯವಾಗಿದ್ದಾಳೆ, ಸ್ವಲ್ಪ ಹಟಮಾರಿ.


ಶುಕ್ರವಾರ, ಮಾರ್ಚ್ 21

ಅಮ್ಮಾ,

ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಥಂಡಿ ಇತ್ತು.

ಕೆಳಗಿನ ಕೋಣೆಯಲ್ಲಿ ಕಬ್ಬಿಣದ ಕಪಾಟುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ್ದಾರೆ, ಚಕ್ರ ತಿರುಗಿಸಿದರೆ ಸರಿದು ದಾರಿ ಬಿಡುತ್ತವೆ. ಲೈಬ್ರರಿಯವರಿಗೆ ಮಂಡಿನೋವು. ಏಣಿ ಹತ್ತುತ್ತಾ, ಈ ಸಂಪುಟ ಕೇಳಿದವರು ನೀವೇ ಮೊದಲು, ನಾನ್ ಬಂದ್ಮೇಲಂತೂ ಯಾರೂ ಕೇಳಿಲ್ಲ ಎಂದರು. ಪುಟ 58ರಲ್ಲಿ ನೀನು ಹೇಳಿದ ಕೋಷ್ಟಕ, ಅರ್ಧ ಪುಟ ಖಾಲಿ. ಅದರ ಮುಂದಿನ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಅವರು ಸ್ಕೇಲ್ ತಂದು ಮೆಲ್ಲಗೆ ಬಿಡಿಸಿ ಕೊಟ್ಟರು. ನಾನು ನಿಂತೇ ಓದಲು ಶುರುಮಾಡಿದೆ.

ಪುಟ 59ರಲ್ಲಿ ನೀನು ನಿನ್ನದೇ ಒಂದು ಅಭ್ಯಾಸವನ್ನು ಬರೆದಿದ್ದೀಯ. ಮಗು ಹೊಸ ಮಾತು ಆಡಿದಾಗಲೆಲ್ಲ ವೀಕ್ಷಕಿ ಉತ್ತರ ಕೊಡುವ ಮೊದಲು, ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಉಚ್ಚಾರಣೆ ಸರಿಯಾಗಿ ಸಿಗಲಿ ಎಂದು. ಆಮೇಲೆ ಪುಟ 60. ಮಗು ನೀರು ಎನ್ನುತ್ತದೆ. ವೀಕ್ಷಕಿಯ ಕೈಯಲ್ಲಿ ಪುಸ್ತಕ ಇಲ್ಲ, ಅಂದು ಅವಳು ಏನನ್ನೂ ಬರೆಯುತ್ತಿಲ್ಲ. ಕೂಡಲೇ ನೀರು ಕೊಡುತ್ತಾಳೆ. ಮಗು ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಮುಖ ನೋಡುತ್ತದೆ. ನೀರು ಎಂದು ಎರಡನೆಯ ಸಲ ಹೇಳುತ್ತದೆ, ಮೂರನೆಯ ಸಲ ಹೇಳುತ್ತದೆ, ಆಮೇಲೆ ಕುಡಿಯುತ್ತದೆ. 'ಮೂರು ಸಲ ಹೇಳಿದ ಮೇಲಷ್ಟೇ ಕೊಡುತ್ತಾರೆ ಎಂದು ಮಗು ಕಲಿತಿದೆ. ಇದು ಮಾತಿನ ಹಂತವಲ್ಲ, ಕಾಯುವ ಅಭ್ಯಾಸ' ಎಂದು ಬರೆದಿದ್ದೀಯ. ಅದರ ಕೆಳಗೆ ಕಪ್ಪಿನ ವಿವರವೂ ಇದೆ. ಹಸಿರು ಬಣ್ಣ, ಎರಡು ಹಿಡಿ, ಒಂದು ಮುರಿದದ್ದು.

ಅಲ್ಲಿಯೇ ಕುರ್ಚಿ ಎಳೆದುಕೊಂಡು ಕೂತೆ. ಲೈಬ್ರರಿಯವರು, ತಲೆ ಸುತ್ತು ಬಂತಾ, ಕೆಳಗಡೆ ಗಾಳಿ ಇಲ್ಲ ಅಂದರು. ಇಲ್ಲ ಸರ್, ಲೇಖನ ಚೆನ್ನಾಗಿದೆ ಅಂದೆ.

ಮೂರೂ ಪುಟಗಳ ಪ್ರತಿ ಮಾಡಿಸಿಕೊಂಡು ಸರ್ ಹತ್ತಿರ ಹೋದೆ. ಐವತ್ತೊಂಬತ್ತನೇ ಪುಟ ಅಂತ ಒಂದಿದೆಯಾ ಎಂದು ಕೇಳಿದರು. ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ನಾಳೆ ಬನ್ನಿ ಎಂದರು. ಮಾರನೆಯ ದಿನ ಹೋದಾಗ ಅವರು ಬೇರೆಯೇ ಆಗಿದ್ದರು. ಒಟ್ಟಾರೆ ವಾದಕ್ಕೇನೂ ಧಕ್ಕೆ ಇಲ್ಲ, ಒಂದು ಅಡಿಟಿಪ್ಪಣಿ ಹಾಕಿ ಸಲ್ಲಿಸಿಬಿಡಿ, ಸಮಿತಿ ಹತ್ತಿರ ಬಂತು ಎಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಅವರು ಜೆರಾಕ್ಸ್ ಆದರೂ ಓದಿದ್ದರು.

ಅಡಿಟಿಪ್ಪಣಿ ಬರೆಯಲು ಕೂತೆ. ನಿಜ, ಬರೆದೆ. ನಾಲ್ಕು ಸಾಲು, ಬಹಳ ನಾಜೂಕಾಗಿ ಬಂದಿತ್ತು. ಅಂದು ಮಧ್ಯಾಹ್ನ ಶಿಶುವಿಹಾರದಿಂದ ಕರೆ ಬಂತು, ಒಬ್ಬ ಹೆಂಗಸು ನನ್ನನ್ನೇ ಕಾಣಬೇಕು ಎಂದು ಕೂತಿದ್ದಾಳೆ ಎಂದು. ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನಿನ್ನ ಮಗನಿಗೆ ಮಾತು ತಡವಾಗುತ್ತಿದೆ, ಡಾಕ್ಟರಿಗೆ ತೋರಿಸು ಎಂದು ಅಲ್ಲಿಯವರು, ಮಕ್ಕಳನ್ನು ಗುರುತಿಸಲು ನಾನು ಕೊಟ್ಟಿದ್ದ ಕಾಗದ ನೋಡಿ ಹೇಳಿದ್ದರು. ಅವಳು ಜೋರಾಗಿ ಮಾತನಾಡಲಿಲ್ಲ, ಅಳಲೂ ಇಲ್ಲ. ಅವ್ನು ಒಂದ್ಸಲ ಹೇಳಿದ್ರೇ ನಮಗೆ ಕೇಳ್ಸತ್ತಲ್ಲ ಮೇಡಂ, ಮೂರ್ ಸಲ ಯಾಕ್ ಹೇಳ್ಬೇಕು ಎಂದು ಕೇಳಿದಳು.

ನಿನ್ನ ಮಗ ಸರಿಯಾಗಿದ್ದಾನೆ, ತಪ್ಪು ನನ್ನ ಕಾಗದದ್ದು ಎಂದು ಅವಳಿಗೆ ಹೇಳಿದೆ. ಎರಡು ಶಿಶುವಿಹಾರಗಳಲ್ಲೂ ಕಾಗದಗಳನ್ನು ವಾಪಸ್ ತೆಗೆದುಕೊಂಡೆ. ರೂಮಿಗೆ ಬಂದು ಅಡಿಟಿಪ್ಪಣಿ ಹರಿದೆ, ನಾಲ್ಕನೆಯ ಅಧ್ಯಾಯವನ್ನು ಥೀಸಿಸ್‌ನಿಂದ ಬಿಡಿಸಿದೆ. ಆ ಮಕ್ಕಳ ಬಗ್ಗೆ ನಾನು ಕಂಡದ್ದು ಮಾತ್ರ ನಿಜ, ಅದನ್ನು ಮೊದಲಿನಿಂದ ಮತ್ತೆ ಬರೆಯಬೇಕು. ಆರು ತಿಂಗಳಾದರೂ ಹಿಡಿಯುತ್ತದೆ. ಸರ್ ಸಿಟ್ಟಾಗಿದ್ದಾರೆ, ಆದರೆ ಗೈಡ್ ಆಗಿ ಮುಂದುವರಿಯುತ್ತಾರಂತೆ. ಅಧ್ಯಾಪಕರ ಕೆಲಸ ಪಕ್ಕದ ರೂಮಿನವನಿಗೆ ಹೋಗುವುದು ಖಚಿತ. ಅವನು ಒಳ್ಳೆಯವನೇ, ಇವತ್ತು ನನ್ನ ಮುಖ ನೋಡಲಾರದೆ ಬೇರೆ ದಾರಿಯಲ್ಲಿ ಹೋದ. ನನಗೆ ದುಃಖವಾಗಿದೆ, ಅಮ್ಮಾ. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ, ನನಗಂತೂ ಇನ್ನೂ ಆಗಿಲ್ಲ.

ನಿನಗೆ ಧೈರ್ಯ ಸಾಲಲಿಲ್ಲ ಎಂದು ಬರೆದಿದ್ದೆ. ಆ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ನಿನ್ನ ಲೇಖನವನ್ನು ನೀನೇ ಅಲ್ಲಗಳೆದು, ಅದನ್ನೂ ಅದೇ ಲೇಖನದ ಕೊನೆಗೆ ಸೇರಿಸಿ ಅಚ್ಚಿಗೆ ಕಳಿಸಿದ್ದೀಯ. ಮೂರು ಪುಟ ಕಡಿಮೆ ಕಳಿಸಿದ್ದರೆ ನೀನು ಈಗ ಸರ್ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ನಾನು ಒಂದು ಅಧ್ಯಾಯ ಬಿಡಿಸಿದ್ದಕ್ಕೇ ಊಟ ಸೇರುತ್ತಿಲ್ಲ.

ಪಟ್ಟಿಯಲ್ಲಿ ಆ ಸಾಲನ್ನು ತಿದ್ದಿದ್ದೇನೆ. ಪುಟ 45ರಿಂದ 61. 'ಉಲ್ಲೇಖಿತ' ಎಂಬ ಮಾತು ಬೇಕಾಗಿಲ್ಲ, ಮೊದಲ ಪುಟದಿಂದ ಕೊನೆಯವರೆಗೆ ಕಣ್ಣಾರೆ ಓದಿದ್ದೇನೆ.

ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಹಸಿರು ಕಪ್ಪನ್ನು ಅವರು ಎಸೆಯಲು ಬಿಡದಿದ್ದದ್ದು ಯಾಕೆ ಎಂದು ಈಗ ಕೇಳುವುದಿಲ್ಲ.

ನಿನ್ನ ಮಗಳು

ತಾ.ಕ.: ಪುಟ 61ರ ಕೊನೆಯ ಎರಡು ಸಾಲುಗಳನ್ನು ಇದ್ದ ಹಾಗೇ ಇಳಿಸಿಕೊಂಡಿದ್ದೇನೆ: 'ವೀಕ್ಷಣೆಯನ್ನು ಇಲ್ಲಿಗೆ ನಿಲ್ಲಿಸಲಾಗಿದೆ. ಮಗು ಕ-ವನ್ನು ಅದರ ತಾಯಿಗೆ ಒಪ್ಪಿಸಲಾಗಿದೆ.' ಮಗು ಯಾರದು ಎಂದು ಸರ್ ಮತ್ತೆ ಕೇಳಿದರು. ತಾಯಿಗೆ ಮಾತು ಕೊಟ್ಟಾಗಿದೆ, ಹೇಳುವ ಹಾಗಿಲ್ಲ ಎಂದೆ. ಭಾನುವಾರ ಮನೆಗೆ ಬರುತ್ತೇನೆ. ಬಾಗಿಲನ್ನು ಒಂದೇ ಸಲ ತಟ್ಟುತ್ತೇನೆ.